ರಿಪೇರಿಯ ಮೇಲೆ ಕೆಟ್ಟ ಕಾರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿದ ಹಿರಿಯರ ಕಾಲದಲ್ಲಿ ಮೋಟಾರು ಕಾರು ಇರಲಿಲ್ಲ. ಇದ್ದಿದ್ದರೆ, ಎಂಜಿನ್ನು ಬಿಚ್ಚಿಸಿ ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಬಿಡುತ್ತಿರಲಿಲ್ಲ. ಗೋಡೆ ಓರೆಯಾದರೆ ಮನೆಯೊಡೆಯನ ಕಣ್ಣಿಗೇ ಕಾಣುತ್ತದೆ. ಅಡಿಗೆ ಕಡಮೆ ಬಿದ್ದರೆ ಮದುವೆಯ ಯಜಮಾನನಿಗೆ ಪಂಕ್ತಿಯಲ್ಲಿಯೇ ತಿಳಿದುಹೋಗುತ್ತದೆ. ಎಂಜಿನ್ನಿನ ವ್ಯವಹಾರ ಹಾಗಲ್ಲ. ಅದು ಏತಕ್ಕಾಗಿ ಕೆಟ್ಟಿತೆಂಬುದಾಗಲಿ, ಕೆಟ್ಟದ್ದು ನಿಜವಾಗಿ ಸರಿಹೋಯಿತೆ ಎಂಬುದಾಗಲಿ ಒಡೆಯನ ಕಣ್ಣಿಗೆ ಬೀಳುವುದಿಲ್ಲ. ಹಣ ತೆರುವವನೊಬ್ಬ, ವಿದ್ಯೆ ಬಲ್ಲವನಿನ್ನೊಬ್ಬ. ಜಗಳದ ಬೀಜ ಇರುವುದು ಇಲ್ಲಿಯೇ.

ಈ ಅವಸ್ಥೆ ಹೊಸದೇನೂ ಅಲ್ಲ. ರಥದ ಕಾಲದಲ್ಲಿಯೂ ರಥಿಕನ ಮಾನಪ್ರಾಣಗಳು ಸಾರಥಿಯ ಕೈಯಲ್ಲಿದ್ದುವು. ಕರ್ಣನಂತಹ ವೀರನಿಗೆ ಶಲ್ಯನು ಸಾರಥಿಯಾಗಿ ಕುಳಿತು, ಕುದುರೆಗಳನ್ನು ನಡೆಸುವುದರ ಜೊತೆಗೆ ಹೆಜ್ಜೆಹೆಜ್ಜೆಗೂ ಒಡೆಯನ ತೇಜೋವಧೆಯನ್ನೂ ಮಾಡಿದನಷ್ಟೆ. ಇಂದಿನ ಗ್ಯಾರೇಜುಗಳಲ್ಲಿಯೂ ಆ ವಿದ್ಯೆ ನಶಿಸಿಲ್ಲ. ಕೆಟ್ಟ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದ ಗೃಹಸ್ಥರಿಗೆ ಮೊದಲು ಸಿಗುವ ಉತ್ತರ, “ಗಾಡಿ ಓಡಿಸೋ ರೀತೀಲಿ ಓಡಿಸಬೇಕು ಸಾರ್” ಎಂಬುದು. ಅಷ್ಟಕ್ಕೇ ಅರ್ಧ ಜನ ಕುಗ್ಗಿ, ಎರಡನೆಯ ಬಿಲ್ಲನ್ನೂ ತೆತ್ತು ಮನೆಗೆ ಹೋಗುತ್ತಾರೆ. ಉಳಿದರ್ಧ ಜನ ಕೂಗಾಡಿ, ಕಾರನ್ನು ಬೇರೆಡೆಗೆ ಎಳೆಸಿಕೊಂಡು ಹೋಗಿ, ತಮ್ಮ ಕೈಯಲ್ಲಿದ್ದ ಸಾಕ್ಷ್ಯವನ್ನು ತಾವೇ ಹಾಳುಮಾಡಿಕೊಳ್ಳುತ್ತಾರೆ. ಈ ಎರಡು ದಾರಿಗಳ ನಡುವೆ ಮೂರನೆಯದೊಂದುಂಟು.

ವಾಚಕರು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಲಿ. ಶಿವಮೊಗ್ಗೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಹತ್ತು ವರ್ಷ ಹಳೆಯದಾದ ಸಣ್ಣ ಕಾರೊಂದು ಅವರಲ್ಲಿದೆ. ಕಾರು ಅವರಿಗೆ ಶೋಕಿಯ ಪದಾರ್ಥವಲ್ಲ. ಪತ್ನಿಯ ಚಿಕಿತ್ಸೆಗಾಗಿ ಮೂರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿಬರಬೇಕು. ಬಸ್ಸಿನ ಕುಲುಕಾಟ ಆಕೆಗಾಗದು. ಹೀಗೆ ಹೋಗಿ ಮರಳುವಾಗ, ಸೋಮೇಶ್ವರದಿಂದ ಆಗುಂಬೆಯ ಘಾಟಿಯನ್ನೇರುತ್ತಿದ್ದಂತೆ ಉಷ್ಣತೆಯ ಮುಳ್ಳು ಕೆಂಪುಗೆರೆಯನ್ನು ಮುಟ್ಟಿತು. “ರೀ, ನಿಲ್ಲಿಸಬಾರದೇ?” ಎಂದು ಆಕೆ ಕೇಳಿದರು. “ಇನ್ನೆರಡು ತಿರುವು ಕಣೇ, ಮೇಲೆ ಹೋಗಿ ನಿಲ್ಲಿಸಿದರಾಯಿತು” ಎಂದು ಮೇಷ್ಟರು ಏರಿಸಿದರು. ಆಗುಂಬೆಯನ್ನು ಸೇರುವಷ್ಟರಲ್ಲಿ ಬಾನೆಟ್ಟಿನ ಕೆಳಗಿನಿಂದ ಹಬೆ ಎದ್ದಿತ್ತು.

ಊರಿನ ಗ್ಯಾರೇಜಿನಲ್ಲಿ, ಹೆಡ್ ಗ್ಯಾಸ್ಕೆಟ್ಟು ಹೋಗಿದೆಯೆಂದು ಹೇಳಿದರು. ನಾಲ್ಕು ದಿನಗಳಲ್ಲಿ ಕಾರು ಸಿದ್ಧವಾಯಿತು. ಸಿಗರೇಟು ಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಚೀಟಿಯ ಮೇಲೆ “ಹೆಡ್ ಕೆಲಸ 18,500” ಎಂದು ಬರೆದುಕೊಟ್ಟರು. ಮೇಷ್ಟರು ನಗದು ಎಣಿಸಿಕೊಟ್ಟು ಬಂದರು. ಮೂರು ವಾರವೂ ಕಳೆದಿರಲಿಲ್ಲ. ತೀರ್ಥಹಳ್ಳಿಯ ಮದುವೆಯೊಂದಕ್ಕೆ ಹೊರಟವರ ಕಾರು ಮಂಡಗದ್ದೆಯ ಬಳಿ ಮತ್ತೆ ಹಬೆಯುಗುಳುತ್ತ ನಿಂತಿತು. ಎಳೆದು ತಂದ ಕಾರನ್ನು ನೋಡಿ ಗ್ಯಾರೇಜಿನ ಯಜಮಾನ, “ಹೆಡ್ ನಾವು ಮಾಡಿದ್ದು ಸರಿಯಾಗೇ ಇದೆ ಸಾರ್. ಈಗ ಹೋಗಿರೋದು ಬ್ಲಾಕು. ಪೂರ್ತಿ ಎಂಜಿನ್ ಇಳಿಸಬೇಕು, ಅರವತ್ತೈದು ಸಾವಿರ ಆಗುತ್ತೆ” ಎಂದನು. ಅರವತ್ತೈದು ಸಾವಿರವೆಂದರೆ ಮೇಷ್ಟರಿಗೆ ಎರಡು ತಿಂಗಳ ಪಿಂಚಣಿ. ಮಣಿಪಾಲಕ್ಕೆ ಹೋಗಬೇಕಾದ ದಿನ ಇನ್ನು ಐದೇ ವಾರ ದೂರವಿದೆ.

ಇಂತಹ ಮಾತನ್ನು ಕೇಳಿದಾಗ ಗೃಹಸ್ಥನಿಗೆ ಮೊದಲು ಬೇಕಾದುದು ಕೋಪವಲ್ಲ, ತಿಳಿವಳಿಕೆ. ಎಂಜಿನ್ನು ಮುಖ್ಯವಾಗಿ ಎರಡು ಭಾಗಗಳ ಜೋಡಣೆ. ಕೆಳಗೆ ಪಿಸ್ಟನ್ನುಗಳು ಓಡಾಡುವ ಬ್ಲಾಕು. ಮೇಲೆ ವಾಲ್ವುಗಳನ್ನು ಹೊತ್ತ ಹೆಡ್ಡು. ಇವೆರಡರ ನಡುವೆ ಇರುವ ತೆಳುವಾದ ತಗಡಿನಂತಹ ವಸ್ತುವೇ ಗ್ಯಾಸ್ಕೆಟ್ಟು. ಪೆಟ್ರೋಲು ಉರಿಯುವಾಗ ಸಿಲಿಂಡರಿನೊಳಗೆ ಜ್ವಾಲೆಯ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಉರಿಯೂ, ಅದರ ಪಕ್ಕದಲ್ಲಿಯೇ ಹರಿಯುವ ತಂಪುನೀರೂ, ಎಣ್ಣೆಯೂ ಒಂದರೊಡನೊಂದು ಬೆರೆಯದಂತೆ ಕಾಯುವುದು ಆ ತಗಡಿನ ಕರ್ತವ್ಯ. ಮೂರು ಮನೆಗಳಿಗೆ ಒಂದೇ ಗೋಡೆಯಿದ್ದಂತೆ. ಗೋಡೆ ಬಿರುಕು ಬಿಟ್ಟರೆ ಮೂರು ಸಂಸಾರವೂ ಕೆಟ್ಟಿತು.

ಎಂಜಿನ್ನು ಮಿತಿಮೀರಿ ಕಾದಾಗ ಸುಡುವುದು ಗ್ಯಾಸ್ಕೆಟ್ಟು ಮಾತ್ರವಲ್ಲ, ಹೆಡ್ಡೂ ಸೊಟ್ಟಗಾಗಬಹುದು. ಹಳೆಯ ಅಂಬಾಸಿಡರ್ ಕಾರಿನ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹೆಡ್ಡು ಬೀಡುಕಬ್ಬಿಣದ್ದು. ಅದು ಸಾಕಷ್ಟು ಒರಟುತನವನ್ನು ಸಹಿಸಿಕೊಳ್ಳುತ್ತಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಂತಹ ಜನಸಾಮಾನ್ಯರ ಕಾರುಗಳಲ್ಲಿದ್ದುದು ಅಲ್ಯುಮಿನಿಯಮ್ಮಿನ ಹೆಡ್ಡು. ಅದು ಹಗುರ, ಶಾಖವನ್ನು ಬೇಗ ಹೊರಹಾಕುತ್ತದೆ. ಆದರೆ ಮಿತಿಮೀರಿ ಕಾದರೆ ಬೇಗ ಬಾಗುತ್ತದೆ. ಮಾರುತಿ 800ರ ತಯಾರಿಕೆಯೂ ಅಂಬಾಸಿಡರಿನ ತಯಾರಿಕೆಯೂ 2014ರಲ್ಲಿಯೇ ನಿಂತುಹೋದುವು. ಆದರೆ ಕಬ್ಬಿಣದ ಕಾಲದಲ್ಲಿ ಕೈಯೂರಿದ ಕೆಲವು ಅಭ್ಯಾಸಗಳು ಅಲ್ಯುಮಿನಿಯಮ್ಮಿನ ಕಾಲದಲ್ಲಿಯೂ ಗ್ಯಾರೇಜುಗಳನ್ನು ಬಿಟ್ಟು ಹೋಗಿಲ್ಲ.

ಸರಿಯಾದ ಕೆಲಸಗಾರನು ಕಾದ ಎಂಜಿನ್ನಿನ ಹೆಡ್ಡನ್ನು ಬಿಚ್ಚಿದ ಮೇಲೆ ಅದರ ಮೈಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು, ಕೆಳಗೆ ಫೀಲರ್ ಗೇಜೆಂಬ ತೆಳ್ಳನೆಯ ಎಸಳನ್ನು ತೂರಿಸಿ ನೋಡುತ್ತಾನೆ. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು, ಎಂದರೆ 0.05 ಮಿಲಿಮೀಟರಿನಷ್ಟು ಸೊಟ್ಟು ಕಂಡರೇ ಎಚ್ಚರವಹಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಲೇಯ್ತಿನವರಲ್ಲಿಗೆ ಕಳುಹಿಸಿ ಮೈಯನ್ನು ಸಮತಟ್ಟು ಮಾಡಿಸಬೇಕು. ಮತ್ತೆ ಕೂರಿಸುವಾಗ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಎರಡು ಮೂರು ಹಂತಗಳಲ್ಲಿ, ಇಷ್ಟೇ ಬಿಗಿಯೆಂದು ಅಳೆದು ತೋರಿಸುವ ಟಾರ್ಕ್ ಪಾನದಿಂದ ತಿರುಗಿಸಬೇಕು. ಕೆಲವು ಹೊಸ ಎಂಜಿನ್ನುಗಳ ಬೋಲ್ಟುಗಳು ಒಮ್ಮೆ ಬಿಗಿದಾಗಲೇ ಹಿಗ್ಗುವಂತೆ ಮಾಡಿದವು. ಅವನ್ನು ಎರಡನೆಯ ಸಲ ಬಳಸಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಎಂಜಿನ್ನು ಮೊದಲು ಕಾದುದೇಕೆಂಬುದನ್ನು ಹುಡುಕಬೇಕು. ಥರ್ಮೋಸ್ಟಾಟು ಮುಚ್ಚಿಕೊಂಡಿತೆ, ರೇಡಿಯೇಟರಿನ ಬೀಸಣಿಗೆ ತಿರುಗಲಿಲ್ಲವೆ, ನೀರಿನ ಪಂಪು ಸೋರಿತೆ? ರೋಗವನ್ನು ಒಳಗೇ ಬಿಟ್ಟು ಗಾಯಕ್ಕೆ ಪಟ್ಟಿ ಕಟ್ಟಿದರೆ ಪಟ್ಟಿಯೇ ಕೊಳೆಯುತ್ತದೆ.

ಇವುಗಳಲ್ಲಿ ಯಾವುದನ್ನು ಬಿಟ್ಟರೂ ಕಾರು ಆ ದಿನ ಓಡುತ್ತದೆ. ಕೆಟ್ಟ ಕೆಲಸದ ಲಕ್ಷಣವೇ ಅದು. ಮೊದಲ ದಿನ ಒಳ್ಳೆಯ ಕೆಲಸದಂತೆಯೇ ಕಾಣಿಸುತ್ತದೆ. ಆಮೇಲೆ ಗುರುತುಗಳು ಒಂದೊಂದಾಗಿ ತೋರುತ್ತವೆ. ಹೊರಗೆಲ್ಲಿಯೂ ಸೋರದೆ ತಂಪುನೀರು ಕಡಮೆಯಾಗುತ್ತದೆ. ಬೆಳಗ್ಗೆ ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲಿಯೇ ರೇಡಿಯೇಟರಿನ ರಬ್ಬರ್ ಕೊಳವೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರಿನ ತೊಟ್ಟಿಯಲ್ಲಿ ಗುಳ್ಳೆಗಳೇಳುತ್ತವೆ. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬಹಳ ಹೊತ್ತು ನಿಲ್ಲದೆ ಬರುತ್ತದೆ. ಎಣ್ಣೆಯ ಮುಚ್ಚಳವನ್ನು ತೆರೆದರೆ ಹಾಲು ಬೆರೆಸಿದ ಕಾಫಿಯ ಬಣ್ಣದ ಲೋಳೆ ಅಂಟಿರುತ್ತದೆ. ಇವನ್ನು ಕಂಡ ಕೂಡಲೇ ಕಾರನ್ನು ನಿಲ್ಲಿಸತಕ್ಕದ್ದು. “ಇನ್ನೆರಡು ತಿರುವು” ಎಂಬ ಮಾತು ಅಂಗಡಿಯವನ ತಪ್ಪನ್ನು ಒಡೆಯನ ತಪ್ಪನ್ನಾಗಿ ಮಾರ್ಪಡಿಸುತ್ತದೆ.

ಈಗ ವಿವಾದದ ಮಾತು. ಎರಡನೆಯ ಬಾರಿ ಕೆಟ್ಟ ಕಾರನ್ನು ಕೋಪದಿಂದ ಮತ್ತೊಂದು ಗ್ಯಾರೇಜಿಗೆ ಕೊಂಡೊಯ್ದು ಬಿಚ್ಚಿಸುವುದು ಸಹಜವಾದ ಪ್ರೇರಣೆ. ಆದರೆ ಇದರಷ್ಟು ನಷ್ಟ ತರುವ ಕೆಲಸ ಬೇರೊಂದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಮ್ಮೆ ಬೇರೆಯವರ ಪಾನ ಬಿದ್ದಮೇಲೆ, “ನಾವು ಬಿಗಿದದ್ದು ಸರಿಯಿತ್ತು, ಬಿಚ್ಚಿದವರು ಕೆಡಿಸಿದರು” ಎಂಬ ಮಾತಿಗೆ ಉತ್ತರವೇ ಇರದು. ಬಿಚ್ಚುವುದಕ್ಕೆ ಮೊದಲು ಮಾಡಬಹುದಾದ ಪರೀಕ್ಷೆಗಳುಂಟು. ಸಿಲಿಂಡರುಗಳ ಒತ್ತಡವನ್ನು ಮಾಪಕದಿಂದ ಅಳೆಯಬಹುದು. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ಒಟ್ಟಿಗೆ ಇಳಿದಿದ್ದರೆ ನಡುವಣ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಬಲವಾಗುತ್ತದೆ. ನೀರಿನ ತೊಟ್ಟಿಯ ಮೇಲೆ ನೀಲಿಯ ದ್ರಾವಣವೊಂದನ್ನಿಟ್ಟು ನೋಡುವ ಪರೀಕ್ಷೆಯಲ್ಲಿ, ಉರಿದ ಅನಿಲ ನೀರಿಗೆ ಬೆರೆತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಇವಕ್ಕೆ ಎಂಜಿನ್ನನ್ನು ಕಳಚಬೇಕಾಗಿಲ್ಲ.

ಆಮೇಲೆ ಬಿಚ್ಚಲೇಬೇಕಾಗಿ ಬಂದರೆ, ಮೊದಲ ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಅವರ ಸಮಕ್ಷಮದಲ್ಲಿ, ಎರಡೂ ಕಡೆಗೆ ಸೇರದ ತಜ್ಞನೊಬ್ಬನ ಎದುರಿಗೆ ಬಿಚ್ಚಿಸಬೇಕು. ವಾಹನ ಸಮೀಕ್ಷಕರಾಗಲಿ, ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ವಿಭಾಗದ ಅಧ್ಯಾಪಕರಾಗಲಿ ಆಗಬಹುದು. ಹಂತಹಂತಕ್ಕೂ ಛಾಯಾಚಿತ್ರ ತೆಗೆಯಬೇಕು. ಓಡಿದ ಕಿಲೋಮೀಟರಿನ ಸಂಖ್ಯೆ ಚಿತ್ರದಲ್ಲಿ ಕಾಣಬೇಕು. ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ ಮನೆಗೆ ತರಬೇಕು. ಎಂಜಿನ್ನನ್ನೇ ಬದಲಾಯಿಸಿದೆವೆಂದು ಹೇಳಿದಲ್ಲಿ ನೋಂದಣಿ ಪತ್ರದ ಸಂಖ್ಯೆಯೊಡನೆ ಎಂಜಿನ್ನಿನ ಸಂಖ್ಯೆಯನ್ನು ತಾಳೆನೋಡಬೇಕು. ಬದಲಾದುದು ನಿಜವಾದರೆ ಸಾರಿಗೆ ಕಚೇರಿಗೆ ತಿಳಿಸಿ ಪತ್ರದಲ್ಲಿ ಬರೆಸಬೇಕು. ವಿಮೆಯಿದೆಯಲ್ಲಾ ಎಂದು ಸಮಾಧಾನಪಟ್ಟುಕೊಳ್ಳುವವರು ಒಮ್ಮೆ ಪಾಲಿಸಿಯನ್ನು ಓದಿಕೊಳ್ಳಲಿ. ಸಾಮಾನ್ಯ ಮೋಟಾರು ವಿಮೆ ಅಪಘಾತದ ನಷ್ಟವನ್ನು ಕೊಡುತ್ತದೆಯೇ ಹೊರತು ಯಂತ್ರ ತಾನಾಗಿ ಕೆಟ್ಟುದಕ್ಕೆ ಕೊಡುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 151ನೆಯ ಪ್ರಕರಣದಂತೆ, ಪರರ ವಸ್ತುವನ್ನು ವಶಕ್ಕೆ ತೆಗೆದುಕೊಂಡವನು ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಅದನ್ನು ಕಾಯಬೇಕು. ಅದೇ ಕಾಯಿದೆಯ 170ನೆಯ ಪ್ರಕರಣ ಕೆಲಸಗಾರನ ಪಕ್ಷವನ್ನೂ ಮರೆತಿಲ್ಲ. ಒಪ್ಪಿಕೊಂಡ ಉದ್ದೇಶದಂತೆ ಶ್ರಮ ಅಥವಾ ಕೌಶಲದ ಕೆಲಸ ಮಾಡಿದವನು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತನ್ನ ಕೂಲಿ ಬರುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳಬಹುದು. ಒರಟು ವಜ್ರವನ್ನು ಕೊಯ್ದು ಹೊಳಪು ಕೊಡಲು ವಹಿಸಿಕೊಂಡ ಅಕ್ಕಸಾಲಿಯ ದೃಷ್ಟಾಂತವನ್ನೇ ಕಾಯಿದೆ ಕೊಡುತ್ತದೆ. ಆದುದರಿಂದ ಬಿಲ್ಲು ಕೊಡದೆ ಕಾರನ್ನು ಒಯ್ಯುತ್ತೇನೆಂದು ಗ್ಯಾರೇಜಿನ ಬಾಗಿಲಲ್ಲಿ ಹೋರಾಡುವುದು ಜಾಣತನವಲ್ಲ. ಕಾರು ಅಗತ್ಯವಾಗಿದ್ದರೆ, “ಆಕ್ಷೇಪಣೆಯನ್ನು ಉಳಿಸಿಕೊಂಡು ಪಾವತಿ ಮಾಡಿದೆ” ಎಂದು ರಸೀದಿಯ ಮೇಲೆ ಬರೆದು ಹಣ ಕೊಟ್ಟು, ಕಾರನ್ನು ಬಿಡಿಸಿಕೊಂಡು, ಅನಂತರ ನ್ಯಾಯ ಕೇಳುವುದು ಲೇಸು.

ಹಿಂದಿನ ಕಾಲದಲ್ಲಿ ಹಾಗೆ ನ್ಯಾಯ ಕೇಳುವವನಿಗೆ ಇದ್ದುದು ಸಿವಿಲ್ ನ್ಯಾಯಾಲಯವೊಂದೇ. ಹದಿನೆಂಟು ಸಾವಿರಕ್ಕಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯುವ ಧೈರ್ಯ ಯಾರಿಗಿದ್ದೀತು? 1986ರಲ್ಲಿ ಬಳಕೆದಾರರ ರಕ್ಷಣೆಗಾಗಿ ಪ್ರತ್ಯೇಕ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಸೇವೆಯ ಗುಣದಲ್ಲಿಯಾಗಲಿ, ಅದನ್ನು ನಡೆಸಿದ ರೀತಿಯಲ್ಲಿಯಾಗಲಿ ಇರುವ ಕೊರತೆಯನ್ನು ಈ ಕಾಯಿದೆ ನ್ಯೂನತೆಯೆಂದು ಕರೆಯುತ್ತದೆ. ಬಿಲ್ಲನ್ನೇ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳಲ್ಲೊಂದು. ಗ್ಯಾರೇಜು ಯಾವ ಊರಿನದಾದರೂ, ಬಳಕೆದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ತೆತ್ತ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿಯಮವೂ ಇಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ 3 ತಿಂಗಳೊಳಗೆ, ಪರೀಕ್ಷೆ ಬೇಕಾದಲ್ಲಿ 5 ತಿಂಗಳೊಳಗೆ ತೀರ್ಮಾನವಾಗಬೇಕೆಂಬುದು ಕಾಯಿದೆಯ ಆಶಯ. ಆಶಯಕ್ಕಿಂತ ಕಾಲ ಹೆಚ್ಚು ಹಿಡಿಯುವುದು ಲೋಕಾನುಭವ. ಅದಕ್ಕೆ ಮೊದಲು 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ರಾಷ್ಟ್ರೀಯ ಸಹಾಯವಾಣಿಯವರು ವಿಷಯವನ್ನು ಕೇಳಿಕೊಳ್ಳುತ್ತಾರೆ. ಆದರೆ ಒಂದು ಮಾತನ್ನು ಮರೆಯಬಾರದು: ಕೆಲಸ ಕೆಟ್ಟದೆಂದು ತೋರಿಸಿಕೊಡುವ ಹೊಣೆ ದೂರುದಾರನದು. ಕಣ್ಣೀರು ಸಾಕ್ಷ್ಯವಾಗದು, ಅಳತೆ ಸಾಕ್ಷ್ಯವಾಗುತ್ತದೆ.

ಮೇಷ್ಟರಿಗೆ ಈ ವಿವೇಕ ಸ್ವಲ್ಪ ತಡವಾಗಿಯಾದರೂ ಮೂಡಿತು. ಅವರು ಕೂಗಾಡಲಿಲ್ಲ. ಮೊದಲು ಚೀಟಿಯ ಬದಲು ಸರಿಯಾದ ಬಿಲ್ಲನ್ನು ಕೇಳಿ ಬರೆಸಿಕೊಂಡರು. ಕಾಪಿಪುಸ್ತಕವನ್ನು ತಿದ್ದಿದ ಕೈಯಿಂದ ಒಂದು ಪುಟದ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರು. ಕಾರನ್ನು ಬಿಟ್ಟ ದಿನ, ಒಯ್ದ ದಿನ, ತೆತ್ತ ಹಣ, ಮತ್ತೆ ಕೆಟ್ಟ ದಿನ, ನಡುವೆ ಓಡಿದ ದೂರ, ತಮಗೆ ಬೇಕಾದ ಪರಿಹಾರ, ಉತ್ತರಕ್ಕೆ ಹದಿನೈದು ದಿನಗಳ ಗಡುವು. ಬೈಗುಳ ಒಂದೂ ಇಲ್ಲ. ಎಂಟನೆಯ ದಿನ ಗ್ಯಾರೇಜಿನ ಯಜಮಾನ ತಾನೇ ಮನೆಗೆ ಬಂದನು.

“ಏನ್ ಸಾರ್, ಇಷ್ಟಕ್ಕೆಲ್ಲಾ ಕಾಗದ ಬರೆಯೋದೇ?” ಎಂದನು.

“ಕೂತುಕೊಳ್ಳಪ್ಪಾ. ನಿನ್ನ ಮೇಲೆ ನನಗೆ ದ್ವೇಷವಿಲ್ಲ. ಹೆಡ್ಡನ್ನು ಬಿಚ್ಚಿ, ನಮ್ಮಿಬ್ಬರ ಎದುರಿಗೆ ಮೂರನೆಯವರೊಬ್ಬರು ಅಳೆಯಲಿ. ಸಮವಾಗಿದ್ದರೆ ನೀನು ಹೇಳಿದಷ್ಟು ಕೊಡುತ್ತೇನೆ. ಸೊಟ್ಟಗಿದ್ದರೆ ನೀನು ಏನು ಹೇಳುತ್ತೀಯೋ ಹೇಳು” ಎಂದರು ಮೇಷ್ಟರು.

ಲೇಯ್ತ್ ಅಂಗಡಿಯ ವೃದ್ಧ ಮೇಸ್ತ್ರಿಯೊಬ್ಬರ ಮೇಜಿನ ಮೇಲೆ ಹೆಡ್ಡನ್ನಿಟ್ಟರು. ಉಕ್ಕಿನ ಪಟ್ಟಿಯ ಕೆಳಗೆ 0.20ರ ಎಸಳು ತಡೆಯಿಲ್ಲದೆ ತೂರಿಹೋಯಿತು. ಮೇಸ್ತ್ರಿ ಹೆಡ್ಡಿನ ಮೈಯನ್ನು ಹೆಬ್ಬೆರಳಿನಿಂದ ಸವರಿ, “ಇದು ಮೆಷಿನ್ನಿಗೆ ಬಂದೇ ಇಲ್ಲ ಕಣಪ್ಪಾ” ಎಂದರು. ಯಜಮಾನನ ಹಿಂದೆ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ತಲೆ ತಗ್ಗಿಸಿ ನಿಂತಿದ್ದನು. ಹೆಡ್ಡನ್ನು ಕೂರಿಸಿದವನು ಅವನೇ. ಪಟ್ಟಿಯಿಟ್ಟು ನೋಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಅಂಗಡಿಯಲ್ಲಿ ಟಾರ್ಕ್ ಪಾನವೂ ಇರಲಿಲ್ಲ.

ಗ್ಯಾರೇಜಿನವರ ಕಷ್ಟವನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಕಾರುಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಅವನ್ನು ರಿಪೇರಿ ಮಾಡುವ ವಿದ್ಯೆ ಮಾತ್ರ ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ, ನೋಡಿ ಕಲಿತಷ್ಟೇ, ದಾಟುತ್ತ ಬರುತ್ತದೆ. ಅಂದಾಜು ಪಟ್ಟಿ ಕೊಟ್ಟಾಗ ಅದರಲ್ಲಿ ಲೇಯ್ತಿನ ಖರ್ಚನ್ನು ಕಂಡು, “ಅದೊಂದು ಬೇಡ, ಹಾಗೇ ಹಾಕಿಕೊಡು” ಎನ್ನುವ ಒಡೆಯರೂ ಕಡಮೆಯಿಲ್ಲ. ಅಗ್ಗದ ಗ್ಯಾಸ್ಕೆಟ್ಟನ್ನು ತಾವೇ ಕೊಂಡುತಂದು, ಅದು ಕೆಟ್ಟಾಗ ಮೆಕ್ಯಾನಿಕ್ಕನ್ನು ದೂರುವವರೂ ಇದ್ದಾರೆ. ಕೆಲಸ ಕೆಟ್ಟಿತೆಂದ ಮಾತ್ರಕ್ಕೆ ಕೆಲಸಗಾರ ಮೋಸಗಾರನಲ್ಲ. ಕೆಟ್ಟುದು ತಿಳಿದಮೇಲೂ ಅದನ್ನು ಮುಚ್ಚಿಟ್ಟು ಇನ್ನೊಂದು ದೊಡ್ಡ ಬಿಲ್ಲನ್ನು ಹೊಸೆಯುವಾಗಲೇ ಅದು ಮೋಸವಾಗುವುದು.

ಅಂದು ಲೇಯ್ತ್ ಅಂಗಡಿಯ ಮುಂದೆಯೇ ತೀರ್ಮಾನವಾಯಿತು. ಬ್ಲಾಕಿನ ಮೈಯನ್ನೂ ಅಳೆದು ನೋಡಿದರು, ಅದು ಕೆಟ್ಟಿರಲಿಲ್ಲ. ಹೆಡ್ಡಿನ ಸಮತಟ್ಟು, ಹೊಸ ಗ್ಯಾಸ್ಕೆಟ್ಟು, ಕೂಲಿ ಎಲ್ಲವೂ ಗ್ಯಾರೇಜಿನ ಲೆಕ್ಕಕ್ಕೆ. ಎಣ್ಣೆ, ತಂಪುದ್ರವ ಮತ್ತು ಮೊದಲ ದಿನವೇ ಕೆಟ್ಟಿದ್ದ ಥರ್ಮೋಸ್ಟಾಟು ಮೇಷ್ಟರ ಲೆಕ್ಕಕ್ಕೆ. ಘಾಟಿಯಲ್ಲಿ ಕಾರನ್ನು ನಿಲ್ಲಿಸದೆ ಏರಿಸಿದ್ದು ತಮ್ಮ ಪಾಲೆಂದು ಅವರೇ ಒಪ್ಪಿಕೊಂಡರು. ಕೆಲಸದ ವಿವರ, ಹಾಕಿದ ಭಾಗಗಳ ಹೆಸರು, ಆರು ತಿಂಗಳ ಹೊಣೆ ಎಲ್ಲವನ್ನೂ ಬಿಲ್ಲಿನಲ್ಲಿ ಬರೆದು ಸಹಿ ಹಾಕಿದರು. ಅರವತ್ತೈದು ಸಾವಿರದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಯಜಮಾನ ಆ ವಾರವೇ ಟಾರ್ಕ್ ಪಾನವೊಂದನ್ನು ಕೊಂಡನು. ಹುಡುಗನನ್ನು ಕೆಲಸದಿಂದ ತೆಗೆಯಬಾರದೆಂದು ಮೇಷ್ಟರು ಕೇಳಿಕೊಂಡಿದ್ದರು.

ಎಲ್ಲ ವಿವಾದಗಳೂ ಹೀಗೆ ಮುಗಿಯುವುದಿಲ್ಲ. ಬಾಗಿಲಿಗೆ ಬಾರದ ಯಜಮಾನರಿದ್ದಾರೆ, ಪತ್ರವನ್ನು ಹರಿದೆಸೆಯುವವರಿದ್ದಾರೆ, ಅಂತಹವರಿಗಾಗಿಯೇ ಆಯೋಗಗಳಿರುವುದು. ಆದರೆ ಅಲ್ಲಿಗೆ ಹೋಗುವವನ ಕೈಯಲ್ಲಿಯೂ ಇರಬೇಕಾದುವು ಇವೇ ವಸ್ತುಗಳು: ವಿವರವಾದ ಬಿಲ್ಲು, ದಿನಾಂಕವಿರುವ ಪತ್ರ, ಹಳೆಯ ಭಾಗಗಳ ಚೀಲ, ತಜ್ಞನ ಅಳತೆ. ಕಾರನ್ನು ಗ್ಯಾರೇಜಿಗೆ ಬಿಡುವ ದಿನ, ಇನ್ನೂ ಜಗಳದ ಸುಳಿವೇ ಇಲ್ಲದಿರುವಾಗ, ಏನು ಕೆಟ್ಟಿದೆ, ಏನು ಮಾಡುತ್ತೀರಿ, ಎಷ್ಟಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದವನು ಈ ಚೀಲವನ್ನು ಹೊರಬೇಕಾದ ಪ್ರಸಂಗ ಬಹಳ ಕಡಮೆ. ಒಳ್ಳೆಯ ಮೆಕ್ಯಾನಿಕ್ಕು ಆ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಬೇಸರಪಟ್ಟವನ ಕೈಗೆ ಬೀಗದ ಕೈ ಕೊಡದಿರುವುದೇ ಮೊದಲ ರಿಪೇರಿ.